ಒಟಾನಿ ಸಂಬಳ: ಒಂದು ಸ್ಪಷ್ಟನೆ

"ಬೇಸ್‌ಬಾಲ್ ಆಟಗಾರ ಶೋಹೇ ಒಟಾನಿಗೆ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ ಪ್ರತಿವರ್ಷ 7 ಕೋಟಿ ಡಾಲರ್ ಕೈಗೆ ಕೊಡುತ್ತಿದೆ" ಅನ್ನೋ ಮೆಸೇಜ್ ಓಡಾಡುತ್ತಿದೆ. ನಾನೂ ಅದನ್ನು ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

2023ರ ಡಿಸೆಂಬರ್‌ನಲ್ಲಿ ಆದ ಒಪ್ಪಂದ 10 ವರ್ಷಕ್ಕೆ 70 ಕೋಟಿ ಡಾಲರ್. ಅಷ್ಟು ನಿಜ. ಆದರೆ ಆಗಲೇ ಸುದ್ದಿಯಾದ ಒಪ್ಪಂದದ ವಿವರದ ಪ್ರಕಾರ, 2024ರಿಂದ 2033ರವರೆಗೆ ತಂಡದಿಂದ ಅವರ ಕೈಗೆ ಬರುವುದು ವರ್ಷಕ್ಕೆ 20 ಲಕ್ಷ ಡಾಲರ್ ಮಾತ್ರ. ಪ್ರತಿವರ್ಷದ ಉಳಿದ 6.8 ಕೋಟಿ ಹತ್ತು ವರ್ಷ ತಡವಾಗಿ, 2034ರಿಂದ 2043ರವರೆಗೆ ಬರುತ್ತದೆ. ಅದೂ ಬಡ್ಡಿಯಿಲ್ಲದೆ! ಹೀಗೆ ಮುಂದೂಡಲು ಒಟಾನಿಯೇ ಮುಂದಾದರು. ಆ ದುಡ್ಡಲ್ಲಿ ತಂಡ ಬೇರೆ ಒಳ್ಳೆ ಆಟಗಾರರನ್ನು ತರಲಿ ಅಂತ. ಅಭಿಮಾನಿಗಳಿಗೆ ಗೊತ್ತಾಗಬೇಕಾದ್ದು ಇದೇ ಅಲ್ವಾ?

ಹಳೆ ಮೆಸೇಜನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ.