ನಂದಿಬಟ್ಟಲಿಗೆ ಯಾಕೆ ಈ ವಿಷ?

ಈಗಷ್ಟೇ ನಮ್ಮ ಅಪಾರ್ಟ್‌ಮೆಂಟ್ ಗೇಟಿನ ಪಕ್ಕದ ನಂದಿಬಟ್ಟಲಿಗೆ ಔಷಧಿ ಹೊಡೆದು ಹೋದರು. ಗಿಡದ ಬುಡದಲ್ಲಿ ಬೆರಳುದ್ದದ ಹಸಿರು ಹುಳುಗಳು ಬಿದ್ದು ಒದ್ದಾಡುತ್ತಿವೆ. ನನಗೆ ಹುಳುಹುಪ್ಪಟೆ ಅಂದರೆ ಪ್ರಾಣ ಅಂತ ನಿಮಗೆಲ್ಲ ಗೊತ್ತಲ್ಲ. ಹೊಟ್ಟೆ ಉರಿಯುತ್ತಿದೆ.

ಆ ಹುಳುವನ್ನು ಯಾರಾದರೂ ಹತ್ತಿರದಿಂದ ನೋಡಿದ್ದಾರಾ? ಎಲೆಯದೇ ಬಣ್ಣ. ಮೈಯ ಪಕ್ಕದಲ್ಲಿ ಉದ್ದಕ್ಕೂ ಬಿಳಿ ಗೆರೆ, ಆಚೀಚೆ ಬಿಳಿ ಚುಕ್ಕೆ. ಹಿಂದೆ ಮೋಟು ಹಳದಿ ಕೊಂಬು. ಮುಟ್ಟಿದರೆ ತಲೆ ತಗ್ಗಿಸಿ ಕತ್ತು ಉಬ್ಬಿಸುತ್ತದೆ. ಆಗ ಎರಡು ನೀಲಿ ಕಣ್ಣು ನಮ್ಮನ್ನೇ ದಿಟ್ಟಿಸುತ್ತವೆ. ಅವು ನಿಜವಾದ ಕಣ್ಣಲ್ಲ, ಹಕ್ಕಿಗಳನ್ನು ಹೆದರಿಸುವ ಮಚ್ಚೆಗಳು.

ಓಲಿಯಾಂಡರ್ ಹಾಕ್ ಮಾತ್ ಅನ್ನುವ ಪತಂಗದ ಮರಿ ಇದು. ಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪದ ಎಲೆ ತಿಂದು ಬೆಳೆಯುತ್ತದೆ. ಕಣಗಿಲೆ ತಿಂದರೆ ದನವೇ ಸಾಯುತ್ತದೆ, ಇದು ಅರಗಿಸಿಕೊಳ್ಳುತ್ತದೆ! ಬಲಿತ ಮೇಲೆ ಮೈ ಕಂದಾಗಿ, ಗಿಡದಿಂದ ಇಳಿದು, ತರಗೆಲೆಯ ಅಡಿಯಲ್ಲಿ ಕೋಶವಾಗುತ್ತದೆ. ಹೊರಗೆ ಬರುವ ಪತಂಗದ ರೆಕ್ಕೆ ತುಂಬ ಹಸಿರು, ಬಿಳಿ, ತಿಳಿ ಗುಲಾಬಿಯ ಅಲೆಗಳು. ಬಿಚ್ಚಿದರೆ ಸುಮಾರು 10 ಸೆಂ.ಮೀ. ಅಗಲ. ಮುಸ್ಸಂಜೆಯಲ್ಲಿ ಗಾಳಿಯಲ್ಲೇ ನಿಂತು ಹೂವಿನ ಮಕರಂದ ಹೀರುತ್ತದೆ. ಇದೇ ಜಾತಿಯವು ಬೇಸಿಗೆಯಲ್ಲಿ ಆಫ್ರಿಕಾದಿಂದ ಸಮುದ್ರ ದಾಟಿ ಯುರೋಪ್ ತನಕ ಹೋಗುತ್ತವೆ. ಅಂಥ ಜೀವವನ್ನು ಗೇಟಿನ ಹತ್ತಿರ ಹೀಗೆ ಕೊಂದು ಹಾಕಿದರಲ್ಲ!

"ಕಂಬಳಿ ಹುಳು ಮೇಡಂ, ಮಕ್ಕಳಿಗೆ ತುರಿಕೆ ಆಗುತ್ತೆ" ಅಂದರು ಕಮಿಟಿಯವರು. ಕಂಬಳಿ ಹುಳು ತಾಗಿದರೆ ಮೈ ಉರಿಯುವುದು ನಿಜ. ಆದರೆ ಅದಕ್ಕೆ ಮೈತುಂಬ ಕೂದಲು ಇರುತ್ತದೆ. ಇದರ ಮೈ ನುಣುಪು. ಕೊಂಬೂ ಚುಚ್ಚುವುದಿಲ್ಲ. ಗಿಡ ಬೋಳಾಗುತ್ತದೆ ಅಂತ ಇನ್ನೊಬ್ಬರು. ಆಗಲಿ ಬಿಡಿ, ನಂದಿಬಟ್ಟಲು ಜಾಸ್ತಿ ದಿನ ಬೋಳಾಗಿ ಇರುವುದಿಲ್ಲ, ಮತ್ತೆ ಚಿಗುರುತ್ತದೆ. ಈ ಹುಳುಗಳನ್ನು ಹೆಕ್ಕಲು ಚೆಂಬೂತ ಬರುತ್ತದೆ, ವಿಷ ಬಿದ್ದ ಹುಳು ತಿಂದರೆ ಅದರ ಗತಿ ಏನು? ಔಷಧಿ ಹೊಡೆದ ಹುಡುಗನ ಮೂಗಿಗೆ ಒಂದು ಬಟ್ಟೆ ಕೂಡ ಇರಲಿಲ್ಲ. ಇಲ್ಲದ ತುರಿಕೆಗೆ ಹೆದರಿ, ಮಕ್ಕಳು ಆಡುವ ಜಾಗದಲ್ಲೇ ವಿಷ ಚೆಲ್ಲಿದ್ದೇವೆ ಅಲ್ವಾ?

ಹುಳು ಬೇಡವಾದರೆ ಆ ರೆಂಬೆಯನ್ನೇ ಕತ್ತರಿಸಿ ನನಗೆ ಕೊಡಿ. ನಮ್ಮ ಬಾಲ್ಕನಿಯ ಕುಂಡದಲ್ಲೂ ಒಂದು ನಂದಿಬಟ್ಟಲು ಇದೆ. ಭಾನುವಾರದ ಮೀಟಿಂಗ್‌ನಲ್ಲಿ ನಾನು ಇದನ್ನೇ ಎತ್ತುತ್ತೇನೆ. ನಮ್ಮ ಬ್ಲಾಕಿನವರು ದಯವಿಟ್ಟು ಬನ್ನಿ.