ಪಂಚೆ ಉಟ್ರೆ ಮನೇಲಿ ಪೂಜೆ ಇರ್ಲೇಬೇಕಾ?

ಬೆಂಗಳೂರಲ್ಲಿ ಗಂಡಸು ಪಂಚೆ ಉಟ್ಟು ಸೊಪ್ಪು ತರೋಕೆ ಹೋಗೋದೂ ಒಂದು ಸುದ್ದಿ. ಲಿಫ್ಟಲ್ಲಿ ಸಿಕ್ಕವರೆಲ್ಲ, "ಏನ್ ಸಾರ್, ಇವತ್ತು ಮನೇಲಿ ಪೂಜೇನಾ?" ಪೂಜೆ ಇಲ್ಲ ಸ್ವಾಮಿ, ಸೆಕೆ ಇದೆ, ಅಷ್ಟೇ. ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದರಂತೂ ಮುಗೀತು, ಗೇಟಿನ ಸೆಕ್ಯುರಿಟಿಯವನು "ಯಾವ ಫ್ಲ್ಯಾಟಿಗೆ ಹೋಗ್ಬೇಕು?" ಅಂತಾನೆ. ಇಲ್ಲೇ ಇರೋನು ಕಣಪ್ಪಾ ನಾನು! ತೊಡೆ ಕಾಣೋ ಚಡ್ಡಿ ಹಾಕ್ಕೊಂಡು ಜಾಗಿಂಗ್ ಹೋಗೋರಿಗೆ ಮಾತ್ರ ಸಲ್ಯೂಟ್.

2024ರ ಜುಲೈನಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನ ಇದೇ ಊರಿನ ಮಾಲ್ ಬಾಗಿಲಲ್ಲೇ ತಡೆದರು, ಸರ್ಕಾರ ಆ ಮಾಲನ್ನ 7 ದಿನ ಮುಚ್ಚಿಸಿತು. ತಮಿಳುನಾಡಲ್ಲಂತೂ ವೇಷ್ಟಿ, ಅಂದ್ರೆ ಅವರ ಪಂಚೆ, ಉಟ್ಟ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಕ್ಲಬ್ಬೊಂದು ಹೊರಗೆ ನಿಲ್ಲಿಸಿದ ಮೇಲೆ ಹಾಗೆ ತಡೆಯೋ ಹಾಗಿಲ್ಲ ಅಂತ 2014ರಲ್ಲೇ ಕಾನೂನು ಬಂತು. ಸರಿ, ಆದ್ರೆ ಲಿಫ್ಟಿನೊಳಗಿನ ಆ ನೋಟಕ್ಕೆ ಯಾವ ಕಾನೂನು ತರ್ತೀರಿ?

ಸ್ಕಾಟ್ಲೆಂಡಿನವರು ಮದುವೆಗೆ ಕಿಲ್ಟ್ ಅನ್ನೋ ಗಂಡಸರ ಲಂಗ ಹಾಕ್ಕೊಂಡ ಫೋಟೋ ನೋಡಿ "ಸಂಸ್ಕೃತಿ ಅಂದ್ರೆ ಇದಪ್ಪಾ" ಅನ್ನೋರೂ ಇವರೇ.

ಇನ್ನು "ಫೋನ್ ಎಲ್ಲಿ ಇಟ್ಕೋತೀರಿ?" ಅನ್ನೋರಿಗೆ: ಒಳಗೆ ಪಟಾಪಟಿ ಚಡ್ಡಿ ಇದೆ, ಅದರ ಜೇಬು ನಿಮ್ಮ ಜೀನ್ಸಿನ ಜೇಬಿಗಿಂತ ದೊಡ್ಡದು. ತೋರಿಸ್ಲಾ?