ಅಲಾಸ್ಕಾ ಹಡಗಿನಲ್ಲಿ ಬಾಲ್ಕನಿ ಯಾರಿಗೆ ಬೇಕು?

"ಅಲಾಸ್ಕಾ ಕ್ರೂಸ್‌ಗೆ ಹೋಗ್ತಾ ಇದೀವಿ. ಬಾಲ್ಕನಿ ಇರೋ ಕ್ಯಾಬಿನ್ ತಗೊಳ್ಳೋದಾ, ಒಳಗಿನ ಕ್ಯಾಬಿನ್ ಸಾಕಾ?" ಒಂದೇ ವಾರದಲ್ಲಿ ಇಬ್ಬರು ಗೆಳತಿಯರು ಕೇಳಿದರು. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ, ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಎರಡೂ ಥರ ಹೋಗಿ ಬಂದವಳು.

ಮೊದಲ ಸಲ ನಾನು, ನನ್ನ ಗಂಡ ಇಬ್ಬರೇ. ಕಿಟಕಿಯೂ ಇಲ್ಲದ ಒಳಗಿನ ಕ್ಯಾಬಿನ್. "ಬಾಲ್ಕನಿ ಇಲ್ಲದೆ ಅಲಾಸ್ಕಾಗೆ ಹೋಗೋದು ದಂಡ" ಅಂತ ಬುಕ್ ಮಾಡಿಕೊಟ್ಟವರು ಹೇಳಿದ್ದರು. ಅದೇ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಗ್ಲೇಸಿಯರ್ ಬೇ ಅನ್ನುವ ಕೊಲ್ಲಿ ಸೇರಿದ ದಿನ ಆ ಕೊರಗು ಪೂರ್ತಿ ಹೋಯಿತು.

ಅದು ರಾಷ್ಟ್ರೀಯ ಉದ್ಯಾನ. ದಿನಕ್ಕೆ ಹೆಚ್ಚೆಂದರೆ 2 ದೊಡ್ಡ ಕ್ರೂಸ್ ಹಡಗುಗಳನ್ನು ಒಳಗೆ ಬಿಡುತ್ತಾರೆ. ಬೆಳಿಗ್ಗೆ ಪಾರ್ಕ್ ರೇಂಜರ್‌ಗಳು ಸಣ್ಣ ದೋಣಿಯಲ್ಲಿ ಬಂದು ಹಡಗು ಹತ್ತುತ್ತಾರೆ, ಮೈಕ್ ಹಿಡಿದು ಎಲ್ಲ ವಿವರಿಸುತ್ತಾರೆ. 1700ರ ದಶಕದ ನಡುವಿನಲ್ಲಿ ಅಲ್ಲಿ ಕೊಲ್ಲಿಯೇ ಇರಲಿಲ್ಲವಂತೆ. ಹಡಗು ತೇಲುತ್ತಿದ್ದ ಜಾಗವೆಲ್ಲ ಆಗ ಮಂಜುಗಡ್ಡೆ. 1879ರಲ್ಲಿ ಪ್ರಕೃತಿ ಬರಹಗಾರ ಜಾನ್ ಮ್ಯೂರ್ ಬರುವಷ್ಟರಲ್ಲಿ ಅದು ಹತ್ತಾರು ಕಿಲೋಮೀಟರ್ ಹಿಂದೆ ಸರಿದಿತ್ತು. ಇದನ್ನು ಕೇಳುತ್ತಾ ಎರಡೂ ಕಡೆಯ ಬೆಟ್ಟ ನೋಡಬೇಕು ಅಂದರೆ ಮೇಲಿನ ತೆರೆದ ಡೆಕ್ಕೇ ಸರಿ. ಬಾಲ್ಕನಿಯಿಂದ ಒಂದು ಕಡೆ ಮಾತ್ರ ಕಾಣುತ್ತದೆ. "ಎಡಗಡೆ ತಿಮಿಂಗಿಲ!" ಅಂತ ಯಾರೋ ಕೂಗಿದಾಗ ಬಲಗಡೆ ಕೂತವರು ಏನು ಮಾಡಬೇಕು ಹೇಳಿ?

ಮಾರ್ಜರಿ ಗ್ಲೇಸಿಯರ್ (ಹಿಮನದಿ) ಮುಂದೆ ಹಡಗು ಹೆಚ್ಚುಕಡಿಮೆ ನಿಂತೇಬಿಟ್ಟಿತು. ಸುಮಾರು ಒಂದೂವರೆ ಕಿಲೋಮೀಟರ್ ಅಗಲದ, ನೀರಿನಿಂದ ಸುಮಾರು 75 ಮೀಟರ್ ಮೇಲೆದ್ದ ಮಂಜಿನ ಗೋಡೆ. ನೀಲಿ ಅಂದರೆ ನೀಲಿ. ಮಂಜು ಒತ್ತಿ ಒತ್ತಿ ಗಟ್ಟಿಯಾದಾಗ ಕೆಂಪು ಬೆಳಕನ್ನು ನುಂಗಿಕೊಳ್ಳುತ್ತದೆ, ನಮ್ಮ ಕಣ್ಣಿಗೆ ನೀಲಿ ಉಳಿಯುತ್ತದೆ. ಒಂದು ತುಂಡು ಕಳಚಿ ನೀರಿಗೆ ಬಿತ್ತು. ಏನೂ ಕೇಳಿಸಲಿಲ್ಲ. ಒಂದೆರಡು ಸೆಕೆಂಡ್ ಆದಮೇಲೆ ಗುಡುಗಿನಂಥ ಸದ್ದು ಬಂತು. ಅಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನ ಇದನ್ನು ಬಿಳಿ ಗುಡುಗು ಅನ್ನುತ್ತಾರಂತೆ. ಡೆಕ್ಕಿನಲ್ಲಿದ್ದ ನೂರಾರು ಜನ ಒಟ್ಟಿಗೆ ಉಸಿರು ಬಿಗಿಹಿಡಿದಿದ್ದರು. ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ.

ಇನ್ನು ಒಳಗಿನ ಕ್ಯಾಬಿನ್. ಜೂನ್‌ನಲ್ಲಿ ಅಲ್ಲಿ ಬೆಳಗಿನ ಜಾವ 4ಕ್ಕೆಲ್ಲ ಸೂರ್ಯ ಹುಟ್ಟುತ್ತಾನೆ, ಮುಳುಗುವುದು ರಾತ್ರಿ 10ರ ಹೊತ್ತಿಗೆ. ಕತ್ತಲೆ ಕೋಣೆಯಲ್ಲಿ ನಿದ್ದೆ ಚೆನ್ನಾಗಿ ಬಂತು.

ಎರಡನೇ ಸಲ ಅಮ್ಮ ಜೊತೆಗಿದ್ದಳು. ಅವಳಿಗೆ ಮಂಡಿ ನೋವು. ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲಲು ಆಗುವುದಿಲ್ಲ. ಮಂಜಿನ ಕಡೆಯಿಂದ ಬೀಸುವ ಗಾಳಿಯಲ್ಲಿ, ರೇಲಿಂಗ್ ಪಕ್ಕದ ಜನರ ನಡುವೆ ಅವಳನ್ನು ನಿಲ್ಲಿಸುವ ಮಾತೇ ಇರಲಿಲ್ಲ. ಅದಕ್ಕೇ ಬಾಲ್ಕನಿ ತೆಗೆದುಕೊಂಡೆವು. ಅಮ್ಮ ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತಳು. ಚಳಿ ಆದರೆ ಒಳಗೆ, ಬೇಕೆನಿಸಿದರೆ ಮತ್ತೆ ಹೊರಗೆ. ಬಚ್ಚಲುಮನೆ ಎರಡು ಹೆಜ್ಜೆ ದೂರ. ವಯಸ್ಸಾದವರಿಗೆ ಇದು ಎಷ್ಟು ದೊಡ್ಡ ಸಮಾಧಾನ ಅಂತ ನನಗೆ ಆಗಲೇ ಗೊತ್ತಾಗಿದ್ದು. ಗ್ಲೇಸಿಯರ್ ಮುಂದೆ ಹಡಗು ನಿಧಾನಕ್ಕೆ ತಿರುಗಿತು. ಎರಡೂ ಬದಿಯವರಿಗೆ ಕಾಣಲಿ ಅಂತ ಹಾಗೆ ಮಾಡುತ್ತಾರೆ. ಅಮ್ಮ ಕೂತಲ್ಲಿಂದಲೇ ಪೂರ್ತಿ ನೋಡಿದಳು.

ಮಾರನೇ ದಿನ ಬೆಳಗಿನ ಜಾವ ನನ್ನನ್ನು ತಟ್ಟಿ ಎಬ್ಬಿಸಿದಳು. "ಬಾರೇ ಇಲ್ಲಿ, ಯಾರೋ ಉಸಿರು ಬಿಟ್ಟ ಹಾಗಿದೆ." ಹಂಪ್‌ಬ್ಯಾಕ್ ತಿಮಿಂಗಿಲ. ಚಳಿಗಾಲವನ್ನು ಹವಾಯಿ ಕಡೆ ಕಳೆದು, ಬೇಸಿಗೆಯಲ್ಲಿ ಹೊಟ್ಟೆ ತುಂಬಿಸಿಕೊಳ್ಳಲು ಅಲಾಸ್ಕಾಗೆ ಬರುತ್ತವೆ. ಮೇಲಿನ ಡೆಕ್ಕಿನ ಗಲಾಟೆಯಲ್ಲಿ ಆ ಉಸಿರು ನನಗೆ ಯಾವತ್ತೂ ಕೇಳಿಸಿರಲಿಲ್ಲ.

ಹಾಗಾಗಿ ನನ್ನ ಗೆಳತಿಯರಿಗೆ ನಾನು ಕೇಳಿದ್ದು ಒಂದೇ: ಜೊತೆಗೆ ಯಾರು ಬರ್ತಿದ್ದಾರೆ? ಗಂಟೆಗಟ್ಟಲೆ ನಿಲ್ಲಬಲ್ಲ ಇಬ್ಬರೇ ಆದರೆ ಒಳಗಿನ ಕ್ಯಾಬಿನ್ ತೆಗೆದುಕೊಳ್ಳಿ, ಉಳಿದ ದುಡ್ಡಲ್ಲಿ ಅಲಾಸ್ಕಾದ ರಾಜಧಾನಿ ಜೂನೋದಲ್ಲಿ ಇಳಿದಾಗ ಸಣ್ಣ ದೋಣಿಯಲ್ಲಿ ತಿಮಿಂಗಿಲ ನೋಡಲು ಹೋಗಿ. ವಯಸ್ಸಾದ ಅಪ್ಪ ಅಮ್ಮ, ಮಧ್ಯಾಹ್ನ ಮಲಗುವ ಮಗು ಇದ್ದರೆ ಹಿಂದೆಮುಂದೆ ನೋಡದೆ ಬಾಲ್ಕನಿಯನ್ನೇ ತೆಗೆದುಕೊಳ್ಳಿ.

ಬಾಲ್ಕನಿ ತೆಗೆದುಕೊಳ್ಳುವುದಾದರೆ ಡೆಕ್ ನಕ್ಷೆ ನೋಡಿಯೇ ನಂಬರ್ ಆರಿಸಿ. ಕೆಲವು ಬಾಲ್ಕನಿಗಳ ಮುಂದೆ ಲೈಫ್‌ಬೋಟ್ ನೇತಾಡುತ್ತಿರುತ್ತದೆ. ಹಡಗಿನ ನಡುಭಾಗದಲ್ಲಿ, ಕೆಳಗಿನ ಮಹಡಿಗಳಲ್ಲಿ ಓಲಾಟ ಕಡಿಮೆ. ಈಜುಕೊಳದ ಮಹಡಿಯ ಕೆಳಗೇ ಬೇಡ, ಬೆಳಿಗ್ಗೆ ಬೇಗ ಕುರ್ಚಿ ಎಳೆಯುವ ಸದ್ದು ಕೇಳುತ್ತದೆ. "ಗ್ಯಾರಂಟಿ" ದರ ಅಂದರೆ ಕ್ಯಾಬಿನ್ ಆರಿಸುವವರು ಹಡಗಿನ ಕಂಪನಿಯವರು, ನೀವಲ್ಲ.

ಎಲ್ಲಕ್ಕಿಂತ ಮೊದಲು, ನಿಮ್ಮ ಹಡಗು ಗ್ಲೇಸಿಯರ್ ಬೇಗೆ ಹೋಗುತ್ತದಾ ಅಂತ ನೋಡಿ. ಎಲ್ಲ ಹಡಗೂ ಹೋಗುವುದಿಲ್ಲ. ಕೆಲವು ಹಬ್ಬರ್ಡ್ ಗ್ಲೇಸಿಯರ್‌ಗೆ, ಕೆಲವು ಎಂಡಿಕಾಟ್ ಆರ್ಮ್ ಅನ್ನುವ ಕಿರಿದಾದ ಕೊಲ್ಲಿಗೆ ಹೋಗುತ್ತವೆ. ಅವೂ ಚೆನ್ನಾಗಿವೆ. ಆದರೆ ರೂಟ್ ನೋಡದೆ ಬಾಲ್ಕನಿಗೆ ದುಡ್ಡು ಕಟ್ಟಬೇಡಿ.